ಬೆಂಗಳೂರಿನಿಂದ ಸ್ಪಿತಿ ಕಣಿವೆಗೆ: ಯಾವ ತಿಂಗಳು, ಯಾವ ದಾರಿ, ಅಲ್ಲಿನವರ ಬದುಕು ಹೇಗೆ?

ಹತ್ತು ದಿನ ರಜೆ ಇದೆ, ಅರವತ್ತು ದಾಟಿದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹಿಮಾಚಲ ಪ್ರದೇಶದ ಸ್ಪಿತಿಗೆ ಹೋಗಬೇಕು, ಮನಾಲಿ ಕಡೆಯಿಂದ ಹೋದರೆ ಹತ್ತಿರವಲ್ಲವೇ, ಜುಲೈ ಒಳ್ಳೆಯದೋ ಅಕ್ಟೋಬರೋ, ಅಲ್ಲಿನ ಜನರ ಬದುಕು ಹೇಗೆ ಎಂದು ಕೇಳಿದ್ದೀರಿ. ನನ್ನ ಉತ್ತರ: ಸೆಪ್ಟೆಂಬರಿನ ಮೊದಲ ಮೂರು ವಾರ. ಹೋಗುವಾಗ ಶಿಮ್ಲಾ–ಕಿನ್ನೌರ್ ದಾರಿ, ವಾಪಸ್ ಬರುವಾಗ ಬೇಕಿದ್ದರೆ ಮನಾಲಿ ದಾರಿ. ದಯವಿಟ್ಟು ಇದನ್ನು ಉಲ್ಟಾ ಮಾಡಬೇಡಿ.

ಕಾರಣ ಎತ್ತರ. ಬೆಂಗಳೂರು ಇರುವುದು 900 ಚಿಲ್ಲರೆ ಮೀಟರ್ ಎತ್ತರದಲ್ಲಿ, ಸ್ಪಿತಿಯ ಮುಖ್ಯ ಊರು ಕಾಜಾ ಸುಮಾರು 3,700 ಮೀಟರಿನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ. ಮನಾಲಿ ಇರುವುದು 2,000 ಮೀಟರಿನಲ್ಲಿ. ಅಲ್ಲಿಂದ ಬೆಳಿಗ್ಗೆ ಹೊರಟರೆ 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ, 4,500 ಮೀಟರಿಗೂ ಮೇಲಿರುವ ಕುಂಜುಮ್ ಕಣಿವೆದಾರಿ ಹತ್ತಿ, ಅದೇ ಸಂಜೆ ಕಾಜಾ ತಲುಪಬಹುದು. ದೂರ 200 ಕಿಲೋಮೀಟರ್ ಆಸುಪಾಸು, ಹಾಗಾಗಿ ಸುಲಭ ಅನ್ನಿಸುತ್ತದೆ. ಆದರೆ ದೇಹಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿಯೂ ಸಿಗುವುದಿಲ್ಲ. ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಎಲ್ಲ ಆ ರಾತ್ರಿಯೇ ಶುರು. ಕಾಜಾ ಬಿಟ್ಟು 4,300 ಮೀಟರ್ ಎತ್ತರದ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಮೊದಲ ರಾತ್ರಿ ಕಳೆಯುವುದಂತೂ ಇನ್ನೂ ಕೆಟ್ಟದ್ದು.

ಕಿನ್ನೌರ್ ದಾರಿ ಉದ್ದ, ಶಿಮ್ಲಾದಿಂದಲೇ 400 ಕಿಲೋಮೀಟರಿಗೂ ಜಾಸ್ತಿ. ಆ ಉದ್ದವೇ ನಿಮಗೆ ಔಷಧಿ. ಬೆಳಗಿನ ವಿಮಾನಕ್ಕೆ ಚಂಡೀಗಢ, ಅಲ್ಲಿಂದ ಕಾರಿನಲ್ಲಿ ನಾರ್ಕಂಡಾ (ಸುಮಾರು 2,700 ಮೀಟರ್). ಎರಡನೇ ದಿನ ಕಲ್ಪಾ (2,900). ಮೂರನೇ ದಿನ ತಾಬೋ (3,280). ದಾರಿಯಲ್ಲಿ ನಾಕೋ ಸಿಗುತ್ತದೆ, ಊಟಕ್ಕೆ ನಿಲ್ಲಿ, ಆದರೆ ಅಲ್ಲಿ ಮಲಗಬೇಡಿ. ಅದು ತಾಬೋಗಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನಾಲ್ಕನೇ ದಿನ ಧಂಕರ್ ನೋಡಿಕೊಂಡು ಕಾಜಾ. ಐದನೇ ದಿನ ಎಲ್ಲೂ ಮೇಲೆ ಹತ್ತದೆ ಕಾಜಾ ಸುತ್ತಮುತ್ತಲೇ ಇರಿ. ಆಮೇಲೆ ಕೀ ಗೊಂಪಾ (ಗೊಂಪಾ ಎಂದರೆ ಬೌದ್ಧ ಮಠ), ಕಿಬ್ಬರ್, ಲಾಂಗ್ಜಾ, ಹಿಕ್ಕಿಂ, ಕೋಮಿಕ್. ಇವೆಲ್ಲ 4,100ರಿಂದ 4,500 ಮೀಟರ್ ಎತ್ತರದವು, ಹಗಲು ಹೋಗಿ ರಾತ್ರಿ ಕಾಜಾಕ್ಕೆ ಇಳಿದುಬನ್ನಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬ ಲೆಕ್ಕಕ್ಕೆ ಇದು ಸರಿಹೊಂದುತ್ತದೆ.

ಅಪ್ಪ ಅಮ್ಮನಿಗೆ ವಯಸ್ಸಿಗಿಂತ ಹೃದಯ, ಶ್ವಾಸಕೋಶ, ಬಿಪಿ ಹೇಗಿದೆ ಅನ್ನುವುದು ಮುಖ್ಯ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಎತ್ತರದ ತೊಂದರೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಎತ್ತರ ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಅಥವಾ ಕಿಡ್ನಿ ತೊಂದರೆ ಇದ್ದರೆ ತಪ್ಪದೆ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ರಾತ್ರಿ ಕೋಣೆಯ ಕಿಟಕಿ ಹತ್ತಿರ ಇಡಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ತಲೆನೋವಿನ ಜೊತೆ ಊಟ ಸೇರದಿದ್ದರೆ ಆ ದಿನ ಮೇಲೆ ಹತ್ತಬೇಡಿ. ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಎಂದು ಕಾಯದೆ ಕಿನ್ನೌರ್ ಕಡೆಗೆ ಇಳಿಸಿ. ಕುಂಜುಮ್ ಕಡೆಗಲ್ಲ, ಆ ದಾರಿ ಮೊದಲು ಏರುತ್ತದೆ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಆದರೆ ದೊಡ್ಡ ಚಿಕಿತ್ಸೆಗೆ ಕಿನ್ನೌರಿನ ರೆಕಾಂಗ್ ಪಿಯೋ ಅಥವಾ ಶಿಮ್ಲಾಕ್ಕೇ ಹೋಗಬೇಕು.

ಈಗ ತಿಂಗಳ ವಿಷಯ. ಸ್ಪಿತಿ ಮಳೆ ನೆರಳಿನ ನಾಡು. ಮುಂಗಾರಿನ ಮೋಡಗಳನ್ನು ಪೀರ್ ಪಂಜಾಲ್ ಸಾಲು ಆಚೆಯೇ ತಡೆಯುತ್ತದೆ. ಜುಲೈನಲ್ಲಿ ಕಣಿವೆಯೊಳಗೆ ಮಳೆ ಕಡಿಮೆ, ಬಟಾಣಿ ಹೊಲಗಳೆಲ್ಲ ಹೂ ಬಿಟ್ಟಿರುತ್ತವೆ. ಆದರೆ ಅಲ್ಲಿಗೆ ಮುಟ್ಟಿಸುವ ಎರಡೂ ದಾರಿಗಳು ಮಳೆಗೆ ಸಿಕ್ಕಿರುತ್ತವೆ. ಕಿನ್ನೌರಿನಲ್ಲಿ ಗುಡ್ಡ ಕುಸಿಯುತ್ತದೆ, ಮನಾಲಿ ದಾರಿಯ ಗ್ರಾಂಫು–ಬಾತಲ್ ನಡುವಿನ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ. ಬಿಸಿಲಿಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ಈ ಹಳ್ಳಗಳಲ್ಲಿ ನೀರು ಏರುವುದರಿಂದ, ಯಾವ ತಿಂಗಳಾದರೂ ಬೆಳಿಗ್ಗೆ ಹನ್ನೊಂದರೊಳಗೆ ಅವನ್ನು ದಾಟಿಬಿಡಬೇಕು. ಸೆಪ್ಟೆಂಬರಿಗೆ ಮಳೆ ಇಳಿಯತೊಡಗಿರುತ್ತದೆ, ಬಾರ್ಲಿ ಕೊಯ್ಲಿಗೆ ಬಂದಿರುತ್ತದೆ, ಆಕಾಶ ಶುಭ್ರ. ಅಕ್ಟೋಬರಿನಲ್ಲಿ ಪಾಪ್ಲರ್ ಮರಗಳು ಹಳದಿಯಾಗಿ ಇನ್ನೂ ಚೆನ್ನ, ಆದರೆ ರಾತ್ರಿ ನೀರಿನ ಪೈಪು ಗಟ್ಟಿಯಾಗಲು ಶುರುವಾಗುತ್ತದೆ, ಕುಂಜುಮ್ ಯಾವಾಗ ಮುಚ್ಚುತ್ತದೋ ಹೇಳಲಾಗದು. ಮತ್ತೆ ಅದು ತೆರೆಯುವುದು ಜೂನ್ ಸುಮಾರಿಗೆ.

ಚಳಿಗಾಲದಲ್ಲಿ ಹೋಗುವವರು ಬಹುತೇಕ ಹಿಮಚಿರತೆಗಾಗಿ ಹೋಗುತ್ತಾರೆ. ಸೊನ್ನೆಗಿಂತ 20–25 ಡಿಗ್ರಿ ಕೆಳಗಿನ ಚಳಿ, ವಯಸ್ಸಾದವರಿಗೆ ಬೇಡವೇ ಬೇಡ. ಆದರೆ ಒಂದು ವಿಷಯ ಕರ್ನಾಟಕದವರಿಗೆ ಗೊತ್ತಿರಲಿ: ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ದಶಕಗಳಿಂದ ಕಿಬ್ಬರ್ ಗ್ರಾಮಸ್ಥರ ಜೊತೆ ಕೆಲಸ ಮಾಡುತ್ತಿದೆ. ಊರಿನವರು ಒಂದಷ್ಟು ಗೋಮಾಳದಲ್ಲಿ ದನ ಮೇಯಿಸುವುದನ್ನು ಬಿಟ್ಟುಕೊಟ್ಟರು, ಅಲ್ಲಿ ಭರಲ್ ಎಂಬ ಕಾಡುಕುರಿಗಳು ಹೆಚ್ಚಿದವು. ಚಿರತೆ ಹಿಡಿದ ದನಕ್ಕೆ ಊರವರೇ ವಂತಿಗೆ ಹಾಕಿ ನಡೆಸುವ ವಿಮೆಯೂ ಇದೆ. ಪರಿಹಾರಕ್ಕೆ ಸರ್ಕಾರಿ ಕಚೇರಿ ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಜನರ ಬಗ್ಗೆ ಕೇಳಿದ್ದೀರಿ. ಸ್ಪಿತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗೊಂಪಾಗಳಿಗಿಂತ ಮೊದಲು ನೀರು ನೋಡಿ ಎನ್ನುತ್ತೇನೆ. ಹಿಮನದಿಯ ಬಾಯಿಂದ ಊರಿನವರೆಗೆ ಬೆಟ್ಟದ ಪಕ್ಕೆಯಲ್ಲಿ ಕೊರೆದ ಕಾಲುವೆಗೆ ‘ಕೂಲ್’ ಅನ್ನುತ್ತಾರೆ. ಕೆಲವು ಕೂಲ್‌ಗಳು ಕಿಲೋಮೀಟರುಗಟ್ಟಲೆ ಉದ್ದ. ಕಸ, ಕಲ್ಲು ಕಟ್ಟದಂತೆ ತಲೆಭಾಗಕ್ಕೆ ಕಲ್ಲು ಹಾಸಿರುತ್ತಾರೆ. ಊರ ಹತ್ತಿರ ದುಂಡನೆಯ ಕೊಳ. ರಾತ್ರಿಯಿಡೀ ಬಂದ ನೀರು ಅಲ್ಲಿ ತುಂಬಿ, ಬೆಳಿಗ್ಗೆ ತೂಬು ತೆಗೆದು ಹೊಲಗಳಿಗೆ ಬಿಟ್ಟರೆ ಸಂಜೆಗೆ ಖಾಲಿ. ಯಾರ ಹೊಲಕ್ಕೆ ಯಾವ ಪಾಳಿ ಎಂಬುದು ಹಳೆಯ ಕಟ್ಟಳೆ. ನೀರಿನ ಹಕ್ಕು ಊರಿನ ಮೂಲ ಮನೆಗಳದ್ದು, ಮನೆ ಮತ್ತು ಹೊಲ ಹಿರಿಯ ಮಗನಿಗೆ, ಕಿರಿಯರಲ್ಲಿ ಹಲವರು ಗೊಂಪಾ ಸೇರುತ್ತಿದ್ದರು. ನೀರು ಇಷ್ಟೇ ಇರುವ ಕಡೆ ಹೊಲ ಒಡೆಯಬಾರದೆಂಬ ಲೆಕ್ಕ ಇದರ ಹಿಂದಿದೆ. ಹಾಗಾಗಿ ಕಾಲುವೆಯಲ್ಲಿ ಕಾಲು ತೊಳೆಯುವುದು, ಫೋಟೋಗಾಗಿ ಬಟಾಣಿ ಹೊಲಕ್ಕೆ ಇಳಿಯುವುದು ಬೇಡ. ಆ ಹಸಿ ಬಟಾಣಿಯೇ ಅವರ ವರ್ಷದ ದುಡ್ಡು.

ಅದೇ ಲೆಕ್ಕ ಶೌಚಾಲಯದಲ್ಲೂ ಕಾಣುತ್ತದೆ. ಹಳ್ಳಿಯ ಹೋಂಸ್ಟೇಗಳಲ್ಲಿ ಹಲವು ಕಡೆ ಇರುವುದು ಒಣ ಶೌಚಾಲಯ: ಮೇಲೆ ಮಣ್ಣಿನ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಒಣ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಮುಗಿದ ಮೇಲೆ ಎರಡು ಸಲಿಕೆ ಮಣ್ಣು ತಳ್ಳಬೇಕು. ಕೆಳಗಿನ ಕೋಣೆಯಲ್ಲಿ ಅದು ಗೊಬ್ಬರವಾಗಿ ಬಿತ್ತನೆಗೆ ಮೊದಲು ಹೊಲಕ್ಕೆ ಹೋಗುತ್ತದೆ. ನಮ್ಮವರು ಅಭ್ಯಾಸಬಲದಿಂದ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಆಗ ಗೊಬ್ಬರ ಕೊಳೆತು ನಾರುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ಮನೆಯವರಿಗೆ ದೊಡ್ಡ ಕೆಲಸ. ಮನೆಯಲ್ಲಿ ಕೇಳಿದರೆ ತೊಳೆದುಕೊಳ್ಳಲು ಬೇರೆ ಜಾಗ ತೋರಿಸುತ್ತಾರೆ. ಅಮ್ಮನಿಗೆ ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾದರೆ ಕಾಜಾ, ತಾಬೋಗಳಲ್ಲೇ ಉಳಿಯಿರಿ, ಕಮೋಡ್ ಇರುವ ಹೋಟೆಲು ಸಿಗುತ್ತವೆ.

ತಾಬೋ ಗೊಂಪಾಕ್ಕೆ ಅರ್ಧ ದಿನವಾದರೂ ಕೊಡಿ. 996ರಲ್ಲಿ ಕಟ್ಟಿದ್ದು, ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲು, ಫೋಟೋ ತೆಗೆಯುವಂತಿಲ್ಲ. ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಪಳಗಿ, ಗೋಡೆಯಿಂದ ಮುಂದೆ ಬಾಗಿದ ಮಣ್ಣಿನ ಮೂರ್ತಿಗಳು, ಅವುಗಳ ಕೆಳಗಿನ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಸ್ತೂಪ, ಮಂತ್ರದ ಕಲ್ಲುಗೋಡೆಗಳನ್ನು ಬಲಕ್ಕಿಟ್ಟುಕೊಂಡು ಹಾದುಹೋಗಿ, ನಮ್ಮ ಪ್ರದಕ್ಷಿಣೆಯ ಕ್ರಮವೇ. ‘ಜುಲೇ’ ಅಂದರೆ ನಮಸ್ಕಾರ. ಹಿಂದಿ ಎಲ್ಲ ಕಡೆ ನಡೆಯುತ್ತದೆ.

ಊಟಕ್ಕೆ ತುಕ್ಪಾ (ನೂಡಲ್ಸ್ ಸೂಪ್), ಮೊಮೊ, ಅನ್ನ–ದಾಲ್ ಸಿಗುತ್ತವೆ. ಕಾಜಾದಲ್ಲಿ ನೀರು ಕುದಿಯುವುದೇ 88 ಡಿಗ್ರಿ ಆಸುಪಾಸಿನಲ್ಲಿ, ಹಾಗಾಗಿ ಕುಕ್ಕರ್ ಇಲ್ಲದೆ ಅನ್ನ ಬೇಗ ಬೇಯದು. ಚಟ್ನಿಪುಡಿ, ತುಪ್ಪ ಒಯ್ದರೆ ಅಪ್ಪನಿಗೆ ಊಟ ಸೇರುತ್ತದೆ. ಪಿಯೋದಲ್ಲೇ ನಗದು ತೆಗೆದುಕೊಳ್ಳಿ, ನೆಟ್‌ವರ್ಕ್ ಹೋದರೆ ಫೋನಿನ ಪಾವತಿಯೂ ಹೋಯಿತು. ಪೆಟ್ರೋಲು ಪಿಯೋ ಬಿಟ್ಟರೆ ಸುಮಾರು 200 ಕಿಲೋಮೀಟರ್ ಆಚೆ ಕಾಜಾದಲ್ಲೇ.

ಕೊನೆಯದಾಗಿ, ಚಂಡೀಗಢದಿಂದ ಬೆಂಗಳೂರಿಗೆ ವಾಪಸ್ ಟಿಕೆಟ್ ಮಾಡುವಾಗ ಒಂದು ದಿನ ಖಾಲಿ ಬಿಡಿ. ಕುಂಜುಮ್ ಬಂದ್ ಆದರೆ ಬಂದ ಕಿನ್ನೌರ್ ದಾರಿಯಲ್ಲೇ ಮರಳಬೇಕು, ಅದಕ್ಕೆ ಕಾಜಾದಿಂದ ಪೂರ್ತಿ ಎರಡು ದಿನ ಹಿಡಿಯುತ್ತದೆ. ರಸ್ತೆ ತೆರೆದಿದೆಯೇ ಎಂದು ಹೊರಡುವ ಹಿಂದಿನ ಸಂಜೆ ಕಾಜಾದ ಟ್ಯಾಕ್ಸಿ ಯೂನಿಯನ್ನಿನಲ್ಲಿ ವಿಚಾರಿಸಿ. ಅಂದು ಆ ದಾರಿಯಲ್ಲಿ ಬಂದ ಡ್ರೈವರುಗಳು ಅಲ್ಲೇ ಸಿಗುತ್ತಾರೆ.