ತಿಥಿ ನೋಡಿ ಕಡಲಿಗೆ ಹೊರಡಿ

ಪ್ರಶ್ನೆ: ಜನವರಿಯಲ್ಲಿ ಮಕ್ಕಳೊಂದಿಗೆ ಮೂರು ದಿನ ಕುಮಟಾ, ಹೊನ್ನಾವರದ ಕಡೆ ಇರುತ್ತೇವೆ. ಗೋಕರ್ಣ, ಮುರುಡೇಶ್ವರ ನೋಡಿಯಾಗಿದೆ. ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಹೋಗಿ ಬಂದ ನೆಂಟರು ‘ಬರೀ ನೀರು, ಹಸಿರು ಪೊದೆ, ಏನೂ ಇಲ್ಲ’ ಎನ್ನುತ್ತಾರೆ. ಹೋಗಬೇಕೇ, ಬಿಡಬೇಕೇ?
— ದಾವಣಗೆರೆಯ ಓದುಗರು

ಉತ್ತರ: ಹೋಗಿ. ನಿಮ್ಮ ನೆಂಟರು ಹೋದದ್ದು ಬಹುಶಃ ಭರತದ ಹೊತ್ತಿಗೆ. ಆಗ ನೀರು ಕೊಂಬೆಯವರೆಗೆ ಏರಿರುತ್ತದೆ. ಕಾಂಡ್ಲಾದ ಸೊಗಸೆಲ್ಲ ಕೆಳಗೆ ಮುಳುಗಿರುತ್ತದೆ. ಕಾಡಿನೊಳಗಿನ ಹಲಗೆ ಹಾದಿಯಲ್ಲಿ ಇಳಿತದ ಹೊತ್ತಿಗೆ ನಿಂತು ಕೆಳಗೆ ನೋಡಿ: ಕಾಂಡದಿಂದ ಊರುಗೋಲಿನಂತೆ ಇಳಿದ ಬೇರುಗಳು, ಕೆಸರಿನಲ್ಲಿ ಪೆನ್ಸಿಲ್ ನೆಟ್ಟಂತೆ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಒಂದೇ ಒಂದು ದೊಡ್ಡ ಕೊಂಡಿಯನ್ನು ಎತ್ತಿ ಇಳಿಸುವ ಏಡಿಗಳು. ಹೆಜ್ಜೆ ಸಪ್ಪಳಕ್ಕೆ ಏಡಿಗಳು ಬಿಲ ಸೇರುತ್ತವೆ. ಎರಡು ನಿಮಿಷ ಅಲುಗಾಡದೆ ನಿಂತರೆ ಮತ್ತೆ ಬರುತ್ತವೆ. ಮಕ್ಕಳಿಗೆ ಈ ಕಷ್ಟದ ಕೆಲಸವನ್ನು ಮೊದಲೇ ಹೇಳಿಕೊಡಿ.

ಇಳಿತ ಯಾವಾಗ ಎಂಬ ಲೆಕ್ಕ ಪಂಚಾಂಗದಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಭರತ ಸುಮಾರು 11 ಗಂಟೆಗೆ, ಇಳಿತ ಸುಮಾರು 5 ಗಂಟೆಗೆ; ಹಗಲೂ ಹಾಗೇ, ರಾತ್ರಿಯೂ ಹಾಗೇ. ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ. ಆ ಪ್ರಕಾರ ಚೌತಿಗೆ ಬೆಳಿಗ್ಗೆ 8ರ ಸುಮಾರಿಗೆ, ಪಂಚಮಿಗೆ 9ರ ಸುಮಾರಿಗೆ ಇಳಿತ. ನದಿಯೊಳಗೆ ಹೋದಷ್ಟೂ ಸ್ವಲ್ಪ ತಡ. ಅಷ್ಟಮಿ, ನವಮಿಗೆ ಏರಿಳಿತವೇ ಕಡಿಮೆ, ಕೆಸರು ಅಷ್ಟಾಗಿ ತೆರೆದುಕೊಳ್ಳುವುದಿಲ್ಲ. ನಿಮಗೆ ಚೌತಿ, ಪಂಚಮಿಯೇ ಒಳ್ಳೆಯದು. ಇದು ಅಂದಾಜು ಲೆಕ್ಕ. ಹೊರಡುವ ಮುನ್ನ ಮೊಬೈಲಿನಲ್ಲಿ ಕಾರವಾರದ ಭರತ–ಇಳಿತದ ಸಮಯ ನೋಡಿಕೊಳ್ಳಿ. ದೋಣಿ ವಿಹಾರಕ್ಕೆ ಮಾತ್ರ ಇದು ತಿರುವುಮುರುವು: ಸಣ್ಣ ಕವಲುಗಳಿಗೆ ದೋಣಿ ನುಗ್ಗಬೇಕಾದರೆ ಭರತವೇ ಬೇಕು.

ಇನ್ನೊಂದು ದಿನ ಅಘನಾಶಿನಿ ಅಳಿವೆಗೆ ಇಡಿ. 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಇದು. ಮಾಣಿಕಟ್ಟಾ ಕಡೆಯ ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ನೀವು ಹೋಗುವಾಗ ಪೈರು ಇರುವುದಿಲ್ಲ, ನೀರು ಬಿಡುವ ತೂಬು, ಕಟ್ಟೆ, ಕೊಕ್ಕರೆ ಕಾಣುತ್ತವೆ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ರಾಶಿ ನೋಡಬೇಕಾದರೆ ಮಾರ್ಚ್, ಏಪ್ರಿಲ್ ಬರಬೇಕು. ಯಾವಾಗ ಹೋದರೂ ಒಡ್ಡಿನ ಮೇಲೆಯೇ ನಡೆಯಿರಿ. ಪಾತಿಯ ತಳ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು. ಒಂದು ಹೆಜ್ಜೆ ಊರಿದರೆ ಉಪ್ಪಿಗೆ ಕೆಸರು ಬೆರೆಯುತ್ತದೆ.

ಪ್ರಶ್ನೆ: ಮೀನುಪೇಟೆಯಿಂದ ಬಳಚು (ಚಿಪ್ಪಿಮೀನು) ತಂದು ತಂಗಿದ್ದಲ್ಲೇ ಸುಕ್ಕ ಮಾಡಿದೆವು. ಬಾಯಿತುಂಬ ಮರಳು. ತೊಳೆದದ್ದು ಸಾಲಲಿಲ್ಲವೇ?
— ಶಿವಮೊಗ್ಗದ ಓದುಗರು

ಉತ್ತರ: ಮರಳು ಚಿಪ್ಪಿನ ಒಳಗಿದೆ, ಹೊರಗೆ ಎಷ್ಟು ತಿಕ್ಕಿದರೂ ಹೋಗದು. ಬಳಚು ತಾನಾಗಿ ಉಗುಳಬೇಕು. ಲೀಟರ್ ನೀರಿಗೆ 30 ಗ್ರಾಂ ಉಪ್ಪು ಹಾಕಿ, ಅಗಲ ಪಾತ್ರೆಯಲ್ಲಿ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ಎರಡು ಮೂರು ಗಂಟೆ ಬಿಡಿ. ಸಿಹಿನೀರಿನಲ್ಲಿ ನೆನೆಸಿದರೆ ಬಾಯಿ ಬಿಗಿದುಕೊಂಡು ಸಾಯುತ್ತವೆ. ನಿಮ್ಮಲ್ಲಿ ಆದದ್ದು ಇದೇ ಇರಬೇಕು. ನೀರಿನಿಂದ ಕೈಯಲ್ಲೇ ಎತ್ತಿಕೊಳ್ಳಿ, ಪಾತ್ರೆ ಬಗ್ಗಿಸಿದರೆ ತಳದ ಮರಳು ಮತ್ತೆ ಮೇಲೆ ಬೀಳುತ್ತದೆ. ಬಾಯಿ ತೆರೆದದ್ದನ್ನು ತಟ್ಟಿ ನೋಡಿ, ಮುಚ್ಚದಿದ್ದರೆ ಎಸೆಯಿರಿ. ಬೇಯಿಸಿದ ಮೇಲೂ ತೆರೆಯದ್ದನ್ನು ತಿನ್ನಬೇಡಿ.

ಪ್ರಶ್ನೆ: ಅಲೆ ಇಲ್ಲದ ಕಡೆ ಮಕ್ಕಳನ್ನು ನೀರಿಗೆ ಬಿಡಬಹುದಲ್ಲವೇ?
— ಬೆಂಗಳೂರಿನ ಓದುಗರು

ಉತ್ತರ: ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಅಲ್ಲೇ ಸೆಳೆತ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ಸಿಕ್ಕಿಬಿದ್ದವರು ನೇರ ದಡದತ್ತ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬರಬೇಕು. ನದಿ ಕಡಲಿಗೆ ಸೇರುವ ಅಳಿವೆ ಬಾಯಲ್ಲಂತೂ ನೀರು ಇಳಿಯುತ್ತಿರುವ ಹೊತ್ತಿಗೆ ಮೊಣಕಾಲುದ್ದದ ನೀರಿಗೂ ಇಳಿಸಬೇಡಿ.