ದೆನೂಂಚಾ ಕೊಟ್ಟರೆ ಸಾಕಾ, ಕ್ವೆರೇಲಾನೂ ಬೇಕಾ?

ತಮ್ಮಾ, ಮಿಲಾನ್ ಮೆಟ್ರೋದಲ್ಲಿ ಪರ್ಸ್ ಎಗರಿಸಿದರು, ಠಾಣೆಯಲ್ಲಿ ‘ಬರೀ ದೆನೂಂಚಾನಾ, ಕ್ವೆರೇಲಾನೂ ಕೊಡ್ತೀರಾ’ ಅಂದರು, ಅರ್ಥವಾಗದೆ ತಲೆಯಾಡಿಸಿ ಬಂದೆ ಅಂತ ಬರೆದಿದ್ದೀಯ. ನಿನ್ನ ಕೈಗೆ ಕೊಟ್ಟ ಪ್ರತಿಯನ್ನು ಈಗಲೇ ತೆಗೆದು ನೋಡು.

ದೆನೂಂಚಾ ಅಂದರೆ ಹೀಗೊಂದು ಅಪರಾಧ ನಡೆದಿದೆ ಅಂತ ತಿಳಿಸುವುದು, ಅಷ್ಟೇ. ಯಾರು ಬೇಕಾದರೂ ಕೊಡಬಹುದು. ಕ್ವೆರೇಲಾ ಕೊಡಬೇಕಾದವನು ನಷ್ಟವಾದವನೇ. ಮಾಡಿದವನಿಗೆ ಶಿಕ್ಷೆಯಾಗಬೇಕು ಅಂತ ಅದರಲ್ಲಿ ಕೇಳಿರಬೇಕು. ಕೆಲವು ಅಪರಾಧಗಳಲ್ಲಿ ಇದು ಇಲ್ಲದಿದ್ದರೆ ಕೇಸು ನಡೆಯುವುದೇ ಇಲ್ಲ. 2022ರ ಡಿಸೆಂಬರ್ 30ರಂದು ಜಾರಿಯಾದ ಕಾರ್ತಾಬಿಯಾ ಸುಧಾರಣೆ ಅನ್ನುವ ಕ್ರಿಮಿನಲ್ ಕಾನೂನಿನ ತಿದ್ದುಪಡಿ ಆ ಪಟ್ಟಿಯನ್ನು ಉದ್ದ ಮಾಡಿತು, ಜೇಬುಗಳ್ಳತನವೂ ಅದರೊಳಗೆ ಬಂತು. ಮನೆಗೆ ನುಗ್ಗಿ ಕದ್ದರೆ ಹಾಗಲ್ಲ, ಅಲ್ಲಿ ನೀನು ಕೇಳದಿದ್ದರೂ ಕೇಸು ನಡೆಯುತ್ತದೆ. ಊರಿನ ಎಫ್‌ಐಆರ್ ಲೆಕ್ಕದಲ್ಲಿ ‘ಬರೆದುಕೊಟ್ಟಾಯ್ತು, ಇನ್ನು ಅವರುಂಟು ಕಳ್ಳ ಉಂಟು’ ಅಂತ ಕೂರಬೇಡ.

ಪ್ರತಿಯಲ್ಲಿ ಶಿಕ್ಷೆ ಕೇಳಿದ ಮಾತು ಇಲ್ಲದಿದ್ದರೆ ಮತ್ತೆ ಠಾಣೆಗೆ ಹೋಗು. ಕ್ವೆಸ್ತೂರಾ (ಪೊಲೀಸ್ ಕೇಂದ್ರ ಕಚೇರಿ) ಆದರೂ ಸರಿ, ಕಾರಾಬಿನಿಯೇರಿ (ಅಲ್ಲಿನ ಇನ್ನೊಂದು ಪೊಲೀಸ್ ಪಡೆ) ಠಾಣೆ ಆದರೂ ಸರಿ. ಗಡುವು 3 ತಿಂಗಳು, ಕಳ್ಳತನ ಗೊತ್ತಾದ ದಿನದಿಂದ. ಲೈಂಗಿಕ ದೌರ್ಜನ್ಯಕ್ಕೆ 12 ತಿಂಗಳಿದೆ, ಆ ಕ್ವೆರೇಲಾ ಕೊಟ್ಟಮೇಲೆ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ.

ಕ್ವೆರೇಲಾ ಅನ್ನುವ ಪದ ಲ್ಯಾಟಿನ್ನಿನದು. ಅಲ್ಲಿ ಅದಕ್ಕೆ ದೂರು, ಗೋಳು ಎರಡೂ ಅರ್ಥ. ಕೆಸರಿನಲ್ಲಿ ಕಪ್ಪೆ ವಟಗುಟ್ಟುವುದಕ್ಕೂ ರೋಮನ್ ಕವಿ ವರ್ಜಿಲ್ ಇದನ್ನೇ ಬಳಸಿದ್ದಾನೆ. ಅಪ್ಪ ಉಯಿಲಿನಲ್ಲಿ ಅನ್ಯಾಯವಾಗಿ ಕೈಬಿಟ್ಟರೆ ರೋಮನ್ ಮಗ ಹಾಕುತ್ತಿದ್ದ ದಾವೆಯ ಹೆಸರೂ ಇದೇ. (ಆಸ್ತಿ ಜಗಳ ಎಲ್ಲಿ ಇರಲಿಲ್ಲ ಹೇಳು!) ಈಗ ಇಟಲಿಯಲ್ಲಿ ಸುಮ್ನೆ ಗೊಣಗುವುದಕ್ಕೆ ಯಾರೂ ಕ್ವೆರೇಲಾ ಅನ್ನುವುದಿಲ್ಲ. ಕೊಂಡ ಮಿಕ್ಸಿ ಕೆಟ್ಟರೆ ಅಂಗಡಿಯಲ್ಲಿ ಕೊಡುವುದು ರೆಕ್ಲಾಮೊ.

ಆದರೆ ಜಗಳದಲ್ಲಿ ಮಾತ್ರ ಈ ಪದ ಧಾರಾಳ. ಪಾರ್ಕಿಂಗ್ ವಿಷಯಕ್ಕೆ ಪಕ್ಕದ ಮನೆಯವರು ‘ತಿ ಕ್ವೆರೇಲೊ!’ ಅಂತ ಕೂಗಿದರೆ, ಕೇಸ್ ಹಾಕ್ತೀನಿ ಅಂತ ಹೆದರಿಸುತ್ತಿದ್ದಾರೆ ಅಂತಲೇ ತಿಳಿ. ಮುಖದೆದುರೇ ಬೈದರೆ 2016ರಿಂದ ಅದು ಕ್ರಿಮಿನಲ್ ಅಪರಾಧವಲ್ಲ, ಬೇಕಾದರೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ನೀನಿಲ್ಲದ ಕಡೆ ನಾಲ್ಕು ಜನರ ಮುಂದೆ ನಿನ್ನ ಮಾನ ತೆಗೆದರೆ ಅದು ಬೇರೆ, ಅದಕ್ಕೆ ಕ್ವೆರೇಲಾ ಇದೆ.

ವಿದ್ಯಾರ್ಥಿಗಳಿಗೆ ತೊಂದರೆಯಾಗುವುದು ವಿಳಾಸದಿಂದ. ಕ್ವೆರೇಲಾ ಕೊಡುವಾಗ ಬರೆಸಿದ ವಿಳಾಸಕ್ಕೇ ಮುಂದಿನ ಕಾಗದವೆಲ್ಲ ಬರುತ್ತದೆ. ನೀವು ವರ್ಷಕ್ಕೊಂದು ರೂಮ್ ಬದಲಿಸುತ್ತೀರಿ, ಸಮನ್ಸ್ ಹಳೇ ರೂಮಿನ ಡಬ್ಬದಲ್ಲೇ ಕೊಳೆಯುತ್ತದೆ. ಸಾಕ್ಷಿ ಹೇಳಲು ಕರೆದಾಗ ಸರಿಯಾದ ಕಾರಣವಿಲ್ಲದೆ ಹೋಗದಿದ್ದರೆ ನೀನೇ ಕ್ವೆರೇಲಾ ಹಿಂತೆಗೆದುಕೊಂಡ ಹಾಗೆ. ರೂಮ್ ಬಿಟ್ಟ ತಕ್ಷಣ ಹೊಸ ವಿಳಾಸ ತಿಳಿಸು.

ಪರ್ಸಿನ ಜೊತೆ ಪಾಸ್‌ಪೋರ್ಟೂ ಹೋಗಿದೆಯಾ? ಹಾಗಿದ್ದರೆ ಠಾಣೆಯವರು ಕೊಟ್ಟ ಪ್ರತಿಯನ್ನು ಜೋಪಾನ ಮಾಡು, ಮಿಲಾನ್‌ನ ನಮ್ಮ ಕಾನ್ಸುಲೇಟಿನಲ್ಲೂ ಕೇಳುತ್ತಾರೆ.