ಗೋರಾ ಓದಿ ಬಂದ ತಾಯಿ

ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಾದಂಬರಿಯ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದನ್ನೂ ತೆಗೆದರೆ ಹೇಳೋದಕ್ಕೆ ಏನೂ ಉಳಿಯುವುದಿಲ್ಲ.

ಆಪ್ತಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದವರನ್ನು ಮಾಲಾ ಅನ್ನೋಣ. ಐವತ್ತೆಂಟರ ಆಸುಪಾಸು. ಹುಟ್ಟಿ ಬೆಳೆದದ್ದು ಕೋಲ್ಕತ್ತದಲ್ಲಿ. ಗಂಡನ ಕೆಲಸದಿಂದಾಗಿ ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಸಿಟ್ಟು ಬಂದಾಗ ಮಾತ್ರ ಬಂಗಾಳಿಗೆ ಜಾರುತ್ತಾರೆ. ಮೊದಲ ದಿನದಿಂದಲೂ ನನ್ನನ್ನು ದಿದಿ ಎಂದೇ ಕರೆದರು, ನನಗಿಂತ ಹತ್ತು ವರ್ಷ ದೊಡ್ಡವರಾದರೂ.

ಕೂತವರೇ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಶಾಲೆ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಹೊದಿಕೆ ಹಾಕಿದ್ದರು. "ಮಗನ ಕಣ್ಣಿಗೆ ಬೀಳಬಾರದು ಅಂತ," ಅಂದರು. ಮಗನಿಗೆ ಬಂಗಾಳಿ ಓದಲು ಬರುತ್ತದಾ ಅಂತ ಕೇಳಿದೆ. "ಇಲ್ಲ. ಮಾತಾಡ್ತಾನೆ ಅಷ್ಟೇ. ಆದರೂ..."

ಪುಸ್ತಕ 'ಗೋರಾ'. ಓದಿಲ್ಲದವರಿಗೆ ಎರಡು ಮಾತು. ರವೀಂದ್ರನಾಥ ಟಾಗೋರರ ಈ ಕಾದಂಬರಿ 1907ರಿಂದ 'ಪ್ರಬಾಸಿ' ಮಾಸಪತ್ರಿಕೆಯಲ್ಲಿ ಕಂತುಗಳಾಗಿ ಬಂದು 1910ರಲ್ಲಿ ಪುಸ್ತಕವಾಯಿತು. ಹತ್ತೊಂಬತ್ತನೇ ಶತಮಾನದ ಕಲ್ಕತ್ತೆ. ಒಂದು ಕಡೆ ಸುಧಾರಣೆ ಬಯಸುವ ಬ್ರಹ್ಮಸಮಾಜದವರು, ಇನ್ನೊಂದು ಕಡೆ ಸಂಪ್ರದಾಯ ಬಿಡದ ಹಿಂದೂಗಳು. ಗೋರಾ ಆ ಎರಡನೇ ಗುಂಪಿನ ಗಟ್ಟಿ ದನಿ. ತಾಯಿ ಆನಂದಮಯಿಯ ಕೋಣೆಯಲ್ಲಿ ಊಟ ಮಾಡುವುದಿಲ್ಲ, ಅಲ್ಲಿ ಲಛ್ಮಿಯಾ ಎಂಬ ಕ್ರಿಶ್ಚಿಯನ್ ಕೆಲಸದಾಕೆ ಇದ್ದಾಳೆ ಅಂತ. ಕೊನೆಯಲ್ಲಿ ಅವನ ಹುಟ್ಟಿನ ವಿಷಯ ಬಯಲಾಗುತ್ತದೆ. 1857ರ ದಂಗೆಯ ಹೊತ್ತಿನಲ್ಲಿ ಇಟಾವಾದಲ್ಲಿ ಆ ಮನೆಗೆ ಓಡಿಬಂದು ಆಶ್ರಯ ಪಡೆದ ಐರಿಶ್ ಹೆಂಗಸೊಬ್ಬಳ ಮಗ ಅವನು. ಹೆತ್ತವಳು ಹೆತ್ತ ಕೂಡಲೇ ತೀರಿಕೊಂಡಿದ್ದಳು. ತಂದೆ ಅದಕ್ಕೂ ಮೊದಲೇ ಕಾಳಗದಲ್ಲಿ ಸತ್ತಿದ್ದ.

ಇಷ್ಟು ಹೇಳಿದ ಮೇಲೆ ಮಾಲಾ ಯಾಕೆ ಬಂದರು ಅಂತ ನೀವು ಊಹಿಸಿರಬಹುದು. ಮಗ ದತ್ತು. ಐದು ತಿಂಗಳ ಮಗುವಾಗಿದ್ದಾಗ ಕೋಲ್ಕತ್ತದ ಒಂದು ಸಂಸ್ಥೆಯಿಂದ ತಂದವರು. ಈಗ ಇಪ್ಪತ್ತನಾಲ್ಕು ವರ್ಷ. ಅವನಿಗೆ ಗೊತ್ತಿಲ್ಲ.

ಅವರಿರುವ ಅಪಾರ್ಟ್‌ಮೆಂಟಿನಲ್ಲಿ ಏಳೆಂಟು ಬಂಗಾಳಿ ಮನೆಗಳಿವೆ. ತಿಂಗಳಿಗೊಂದು ಭಾನುವಾರ ಸಂಜೆ ಅಡ್ಡಾ, ಅಂದರೆ ನಮ್ಮ ಹರಟೆಕಟ್ಟೆ. ಚಹಾ, ಮುಡಿ, ಒಂದು ಪುಸ್ತಕ. ಮುಡಿ ಅಂದರೆ ಮಂಡಕ್ಕಿ. ಈ ಸಲ ಗೋರಾ. ಅವತ್ತು ಯಾರು ಏನು ಹೇಳಿದರು ಎಂಬುದನ್ನು ಮಾಲಾ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದರು.

ನಿವೃತ್ತ ಮೇಷ್ಟ್ರೊಬ್ಬರು, ಇದರಲ್ಲಿ ಕಥೆಗಿಂತ ಭಾಷಣ ಜಾಸ್ತಿ, ಗೋರಾನ ಗೆಳೆಯ ಬಿನಯ್ ಮತ್ತು ಬ್ರಹ್ಮಸಮಾಜದ ಮನೆಯ ಹುಡುಗಿ ಲಲಿತಾ ಸ್ಟೀಮರಿನಲ್ಲಿ ಹೊರಡುವ ತನಕ ಯಾರೂ ಕುರ್ಚಿಯಿಂದ ಏಳುವುದೇ ಇಲ್ಲ ಅಂದರಂತೆ. ನನಗೂ ಹಾಗೇ ಅನ್ನಿಸಿತ್ತು, ಕನ್ನಡದಲ್ಲಿ ಓದಿದಾಗ. ಒಬ್ಬ ಹೆಂಗಸು, ಇದು ಗೋರಾನ ಕಥೆಯೇ ಅಲ್ಲ, ಆನಂದಮಯಿಯದ್ದು ಅಂದರು. ಅದಕ್ಕೆ ಅವರ ಸೊಸೆ, "ಹಾಗಾದರೆ ಲಛ್ಮಿಯಾಳ ಕಥೆ ಯಾರದ್ದು? ಸಿಡುಬು ಬಂದಾಗ ಅವನನ್ನು ಆರೈಕೆ ಮಾಡಿ ಉಳಿಸಿದವಳು ಅವಳು. ಕೊನೆಯಲ್ಲಿ ಅವಳಿಗೆ ಸಿಕ್ಕಿದ್ದು ನೀರು ತಂದುಕೊಡುವ ಕೆಲಸ," ಅಂದಳಂತೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

ಆಮೇಲೆ ಒಬ್ಬ ಹುಡುಗ ಬಾಯಿಬಿಟ್ಟ. ಗೋರಾ ಬಿಳಿಯರ ಮಗ ಅಂತ ತಿಳಿದದ್ದರಿಂದ ಅವನಿಗೆ ಬಿಡುಗಡೆ ಸುಲಭವಾಯಿತು. ಪಕ್ಕದ ಬೀದಿಯ ಜಾಡಮಾಲಿಯ ಮಗ ಅಂತ ತಿಳಿದಿದ್ದರೆ? ಆಗಲೂ ಎದೆಯುಬ್ಬಿಸಿ 'ನಾನೀಗ ಭಾರತದವನು' ಅನ್ನುತ್ತಿದ್ದನಾ? ಒಳ್ಳೆಯ ಪ್ರಶ್ನೆ. ಆದರೆ ಮಾಲಾರ ಕೈಯಲ್ಲಿದ್ದ ಚಹಾ ಲೋಟ ತಟ್ಟೆಗೆ ತಾಗಿ ಟಕಟಕ ಸದ್ದು ಮಾಡಲು ಶುರುವಾಯಿತಂತೆ. ಮಗನ ಹೆತ್ತವರ ಜಾತಿ ಅವರಿಗೂ ಗೊತ್ತಿಲ್ಲ, ಧರ್ಮವೂ ಗೊತ್ತಿಲ್ಲ. ಕಾಗದಪತ್ರದಲ್ಲಿ ಅದಿಲ್ಲ.

ಕೊನೆಗೆ ಒಬ್ಬರು ತಮಾಷೆಗೆ, "ಈಗಿನ ಎಲ್ಲ ಗೋರಾಗಳಿಗೂ ಇಂಥದ್ದೊಂದು ಸುದ್ದಿ ಮುಟ್ಟಬೇಕು. ತಲೆ ತಾನಾಗೇ ಸರಿಹೋಗುತ್ತೆ," ಅಂದರು.

"ಆಗ ನನಗೆ ಖುಷಿ ಆಯಿತು, ದಿದಿ," ಅಂದರು ಮಾಲಾ. "ಒಂದೇ ಒಂದು ಕ್ಷಣ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ."

ಖುಷಿ ಯಾಕಾಯಿತು ಅನ್ನುವುದನ್ನು ಹೊರಗೆ ತರಲು ಎರಡು ಭೇಟಿ ಹಿಡಿಯಿತು. ಮಗ ಎರಡು ವರ್ಷದಿಂದ ತುಂಬ ಮಡಿವಂತನಾಗಿದ್ದಾನೆ. ಹನ್ನೆರಡನೇ ವಯಸ್ಸಿನಲ್ಲಿ ಹಾಕಿದ ಪೈತೆ (ನಮ್ಮ ಜನಿವಾರ) ಅಲ್ಲಿವರೆಗೆ ಗೂಟಕ್ಕೆ ನೇತಾಡುತ್ತಿತ್ತು. ಈಗ ಮೂರು ಹೊತ್ತು ಸಂಧ್ಯಾವಂದನೆ. ಮೀನು ಬಿಟ್ಟ. ಬಂಗಾಳಿ ಮನೆಯಲ್ಲಿ ಮೀನು ಬಿಡುವುದು ಸಣ್ಣ ಮಾತಲ್ಲ. ಆಮೇಲೆ ಅಮ್ಮನ ಒಲೆಯನ್ನೂ ಬಿಟ್ಟ. ತನ್ನ ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಸ್ಟೀಲ್ ಪಾತ್ರೆ, ಒಂದು ತಟ್ಟೆ ಇಟ್ಟುಕೊಂಡ. ಮಳೆ ಬಂದ ದಿನ ಮಾಲಾ ಸಾಸಿವೆ ಹಾಕಿ ಇಲಿಶ್ ಮೀನು ಮಾಡಿದರೆ ಅವನ ಕೋಣೆಯ ಬಾಗಿಲಿನ ಕೆಳಗೆ ಒದ್ದೆ ಟವೆಲ್ ಸಿಕ್ಕಿಸಿರುತ್ತಾನೆ, ವಾಸನೆ ಬಾರದಿರಲಿ ಅಂತ. ಆ ಟವೆಲ್ಲಿನ ಮಾತು ಹೇಳುವಾಗ ಮಾಲಾ ಪೂರ್ತಿ ಬಂಗಾಳಿಗೆ ಹೋಗಿಬಿಟ್ಟರು. ನಾನು ತಡೆಯಲಿಲ್ಲ.

ನಾನು ಕೇಳಿದ್ದು ಒಂದೇ. "ನೀವು ಅವನಿಗೆ ವಿಷಯ ತಿಳಿಸಬೇಕು ಅಂತಿದ್ದೀರಾ, ಇಲ್ಲ ಅದರಿಂದ ಅವನಿಗೆ ಹೊಡೀಬೇಕು ಅಂತಿದ್ದೀರಾ?"

ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ, "ನಾನು ಆನಂದಮಯಿ ಅಲ್ಲ," ಅಂದರು.

ಈ ಮಾತನ್ನು ನಾನು ಒಪ್ಪಲಿಲ್ಲ. ಓದುಗರು ಆನಂದಮಯಿಗೆ ಜಾಸ್ತಿ ರಿಯಾಯಿತಿ ಕೊಡುತ್ತಾರೆ ಅನ್ನುವುದು ನನ್ನ ಹಳೆಯ ತಕರಾರು. ಮಗುವನ್ನು ಮಡಿಲಿಗೆ ತೆಗೆದುಕೊಂಡ ದಿನವೇ ಜಾತಿ ಬಿಟ್ಟವಳು, ದೊಡ್ಡ ಮನಸ್ಸು, ಎಲ್ಲ ಸರಿ. ಆದರೆ ಮುಚ್ಚಿಟ್ಟವರಲ್ಲಿ ಅವಳೂ ಒಬ್ಬಳಲ್ವಾ? ಹೇಳಿದರೆ ಮಗ ಬಿಟ್ಟುಹೋಗುತ್ತಾನೆ, ಸರ್ಕಾರದವರು ಕಿತ್ತುಕೊಂಡು ಹೋಗುತ್ತಾರೆ ಅನ್ನೋ ಹೆದರಿಕೆ. ಎಲ್ಲ ಸಾಕುತಾಯಂದಿರ ಹೆದರಿಕೆಯೂ ಅದೇ. ನನ್ನ ಮುಂದೆ ಕೂತಿದ್ದವರದ್ದೂ ಅದೇ. ಇನ್ನು ತಂದೆ ಕೃಷ್ಣದಯಾಳ್, ತನಗೆ ಸಾವು ಬಂತು ಅಂತ ಅನ್ನಿಸಿದ ಮೇಲೆ ಬಾಯಿಬಿಡುತ್ತಾನೆ. ಅದೂ ಯಾಕೆ? ಗೋರಾ ತನ್ನ ಶ್ರಾದ್ಧ ಮಾಡಿಬಿಟ್ಟರೆ ಅಂತ. ಹೇಳುವವನ ಅಂಜಿಕೆ ತೀರಿಸಿಕೊಳ್ಳಲು ಹೇಳಿದ ಸತ್ಯ ಅದು, ಕೇಳುವವನಿಗೋಸ್ಕರ ಹೇಳಿದ್ದಲ್ಲ. ಟಾಗೋರರು ಅಲ್ಲಿಂದ ಗೋರಾನನ್ನು ಕೆಲವೇ ಪುಟಗಳಲ್ಲಿ ಬೆಳಕಿಗೆ ತರುತ್ತಾರೆ. ಕಾದಂಬರಿಕಾರರಿಗೆ ಅದು ಸಾಧ್ಯ. ನನ್ನ ಕೋಣೆಯಲ್ಲಿ ಇದುವರೆಗೆ ಯಾರೂ ಅಷ್ಟು ಬೇಗ ದಡ ಸೇರಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ವಿಷಯ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮದುವೆ ಮಾತುಕತೆ ಶುರುವಾಗಿತ್ತು, ಹೆಣ್ಣಿನ ಕಡೆಯವರು ಕುಷ್ಠಿ (ಜಾತಕ) ಕೇಳುತ್ತಿದ್ದರು. ಹುಟ್ಟಿದ ಗಳಿಗೆ ಗೊತ್ತಿಲ್ಲದ ಹುಡುಗನಿಗೆ ಅಪ್ಪ ಒಂದು ಸಮಯ ಊಹಿಸಿ ಜಾತಕ ಬರೆಸಲು ಹೊರಟಿದ್ದರು. ಒಂದು ಸುಳ್ಳಿನ ಮೇಲೆ ಇನ್ನೊಂದು. ಚಿಕ್ಕಂದಿನಲ್ಲೇ, ಮಾತು ಕಲಿಯುವ ವಯಸ್ಸಿನಲ್ಲೇ ಕಥೆಯ ಹಾಗೆ ಹೇಳುತ್ತಾ ಬಂದಿದ್ದರೆ ಇದು ಸುದ್ದಿಯೇ ಆಗುತ್ತಿರಲಿಲ್ಲ. ಈಗ ಅದನ್ನು ಕೆದಕಿ ಪ್ರಯೋಜನವಿಲ್ಲ.

ಆದರೆ ಈ ವಾರ ಬೇಡ ಅಂದೆ. ಸಿಟ್ಟು ಇಳಿಯುವವರೆಗೆ ಬೇಡ. ಮೊದಲು ಮೀನಿನ ಜಗಳವನ್ನು ಮೀನಿನ ಜಗಳವಾಗಿಯೇ ಮುಗಿಸಿ. "ನೀನು ನನ್ನ ಕೈ ಅಡುಗೆ ಬಿಟ್ಟದ್ದು ನನಗೆ ನೋವು" ಅಂತ ನೇರವಾಗಿ ಹೇಳಿ. ಅವನ ನಂಬಿಕೆ ಅವನಿಗಿರಲಿ. ದತ್ತಿನ ಮಾತನ್ನು ಅದರ ಜೊತೆ ಕಲಸಬೇಡಿ. ಕಲಸಿದರೆ ಅವನಿಗೆ ಕೇಳಿಸುವುದು ಒಂದೇ, 'ಇಷ್ಟೆಲ್ಲ ಆಚಾರ ಮಾಡ್ತೀಯಲ್ಲ, ನೀನು ಯಾರು ಅಂತ ಗೊತ್ತಾ?' ಆ ಒಂದು ಸಾಲು ಒಮ್ಮೆ ಬಾಯಿಂದ ಹೊರಬಿದ್ದರೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಕೂತು ಹೇಳಬೇಕು. ಬೆಳಿಗ್ಗೆ, ರಜಾ ದಿನ, ಮನೆಯಲ್ಲೇ. ಹಬ್ಬದ ದಿನ ಬೇಡ, ಹುಟ್ಟುಹಬ್ಬದ ದಿನವಂತೂ ಬೇಡವೇ ಬೇಡ. ಕೋರ್ಟಿನ ಆದೇಶ, ದತ್ತು ಪತ್ರ, ಸಂಸ್ಥೆಯವರು ಕೊಟ್ಟ ಒಂದು ಫೋಟೋ, ಎಲ್ಲ ಒಂದು ಫೈಲಿನಲ್ಲಿ ಹಾಕಿ ಅವನ ಕೈಗೆ ಕೊಡಿ, ಅದು ಅವನದ್ದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ನಿನ್ನ ಹೆತ್ತಮ್ಮ ಹೀಗಿದ್ದಿರಬಹುದು ಅಂತ ಕಥೆ ಕಟ್ಟಬೇಡಿ. ಮತ್ತೆ, ದಯವಿಟ್ಟು, ಗೋರಾ ಪುಸ್ತಕವನ್ನು ಅವನಿಗೆ ಓದಲು ಕೊಡಬೇಡಿ. ಮಾಲಾ ಅದನ್ನೇ ಯೋಚಿಸಿದ್ದರು, ಮೊದಲು ಪುಸ್ತಕ ಕೊಟ್ಟು ಆಮೇಲೆ ಮಾತು ತೆಗೆಯೋಣ ಅಂತ. ಮಗ ಕೊನೆಯ ಪುಟ ಓದಿ ತನ್ನ ಪಾತ್ರ ಏನು ಅಂತ ಅರ್ಥಮಾಡಿಕೊಂಡು, ಎದ್ದು ಬಂದು ಅಮ್ಮನ ಕಾಲಿಗೆ ಬೀಳಬೇಕು ಅನ್ನೋ ಆಸೆ ಅದರಲ್ಲಿತ್ತು.

ಕಾನೂನಿನ ಭಯವನ್ನೂ ಬಿಡಿಸಬೇಕಾಯಿತು. 1956ರ ಹಿಂದೂ ದತ್ತು ಕಾಯ್ದೆಯ ಪ್ರಕಾರ ಸರಿಯಾಗಿ ಆದ ದತ್ತನ್ನು ರದ್ದು ಮಾಡಲು ಬರುವುದಿಲ್ಲ, ತಂದೆತಾಯಿಯೂ ಮಾಡುವಂತಿಲ್ಲ, ಮಗನೂ ಮಾಡುವಂತಿಲ್ಲ. ಹದಿನೆಂಟು ದಾಟಿದವನು ತನ್ನ ಮೂಲ ತಿಳಿಯಲು ಸ್ವತಃ ಅರ್ಜಿ ಹಾಕಬಹುದು. ಹೆತ್ತವಳು ಗುಟ್ಟು ಕೇಳಿದ್ದರೆ ಅವಳ ಒಪ್ಪಿಗೆಯೂ ಬೇಕಾಗುತ್ತದೆ. "ಅವನು ಹುಡುಕಿದರೆ?" ಅಂದರು. ಹುಡುಕಿದರೆ ರೈಲು ಟಿಕೆಟ್ಟು ನೀವೇ ಮಾಡಿಸಿಕೊಡಿ ಅಂದೆ.

ಐದು ವಾರ ಬಿಟ್ಟು ಹೇಳಿದರು. ಅಪ್ಪ ಇಪ್ಪತ್ತು ನಿಮಿಷ ಪೀಠಿಕೆ ಹಾಕಿದರಂತೆ, ವಿಷಯ ಹೇಳಿದ್ದು ಮಾಲಾನೇ. ಮಗ ಅಳಲಿಲ್ಲ, ಕೂಗಾಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಇನ್ಯಾರಿಗೆಲ್ಲ ಗೊತ್ತು?" ಮಾಶಿಗೆ (ಅಮ್ಮನ ಸೋದರಿ), ಇಬ್ಬರು ಕಾಕುಗಳಿಗೆ (ಚಿಕ್ಕಪ್ಪಂದಿರು), ಒಬ್ಬ ಅಜ್ಜಿಗೆ, ಪಕ್ಕದ ಮನೆಯವರಿಗೆ. ಬೆರಳು ಮಡಚಿ ಎಣಿಸಿದನಂತೆ. ಎಣಿಸಿ ಮುಗಿಸಿ ಕೋಣೆಗೆ ಹೋದ. ಹುಟ್ಟಿನ ಸುದ್ದಿಗಿಂತ ಆ ಎಣಿಕೆ ಅವನಿಗೆ ಜಾಸ್ತಿ ತಾಗಿತು. ಇದನ್ನು ನಾನು ಮೊದಲೇ ಎಚ್ಚರಿಸಬೇಕಿತ್ತು, ಮರೆತೆ. ನನ್ನ ತಪ್ಪು.

ಒಂದು ತಿಂಗಳಾದ ಮೇಲೆ ಅವನೇ ಬಂದ. ಅಮ್ಮ ಕಳಿಸಿದ್ದಲ್ಲ, ತಾನಾಗಿ. "ಆಂಟಿ, ನನ್ನ ಪೈತೆ ಸುಳ್ಳಾ?" ಅಂದ. ಇದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ ಅಂದೆ. ನೀನು ನಂಬುವ ಪುರೋಹಿತರನ್ನೇ ಕೇಳು, ಒಬ್ಬರು ಕಡ್ಡಿ ಮುರಿದ ಹಾಗೆ ಇಲ್ಲ ಅಂದರೆ ಇನ್ನೊಬ್ಬರನ್ನು ಕೇಳು, ಕೇಳುವ ಮೊದಲು ನೀನು ಎರಡು ವರ್ಷ ಯಾಕೆ ಹಾಕಿಕೊಂಡೆ ಅಂತ ನಿನ್ನನ್ನೇ ಕೇಳಿಕೋ. ಅವನು ಆ ಉತ್ತರವನ್ನು ನನಗೆ ಹೇಳಿದ. ಇಲ್ಲಿ ಬರೆಯುವುದಿಲ್ಲ. ಆಚಾರ ಅಂದುಕೊಂಡಿದ್ದ ಎಷ್ಟೋ ಸಂಗತಿ ಆಚಾರ ಆಗಿರಲಿಲ್ಲ ಅಂತಷ್ಟೇ ಹೇಳುತ್ತೇನೆ.

ಪೈತೆ ತೆಗೆದಿಲ್ಲ. ಮೀನು ತಿನ್ನುವುದಿಲ್ಲ. ಇಂಡಕ್ಷನ್ ಒಲೆ ಈಗಲೂ ಕೋಣೆಯಲ್ಲಿದೆ, ಆದರೆ ಭಾನುವಾರ ಅಮ್ಮನ ಕೈಯ ಶುಕ್ತೊ ಕೇಳುತ್ತಾನೆ. ಹಾಗಲಕಾಯಿ, ಬಾಳೆಕಾಯಿ, ನುಗ್ಗೆಕಾಯಿ ಹಾಕಿದ ಕಹಿ ಪಲ್ಯ ಅದು. ಮಾಲಾ ಅದಕ್ಕೆ ಬೇರೆ ಬಾಣಲೆ ಇಟ್ಟಿದ್ದಾರೆ. ಟವೆಲ್ಲಿನ ಬಗ್ಗೆ ನಾನು ಕೇಳಿಲ್ಲ.

ಗೋರಾವನ್ನು ಅವನು ಇಂಗ್ಲಿಷಿನಲ್ಲಿ ತಾನೇ ಹುಡುಕಿ ಓದಿದ್ದಾನೆ. ಕಂದು ಕಾಗದದ ಒಳಗೇನಿದೆ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತಂತೆ, ಅಡ್ಡಾ ಗುಂಪಿನ ವಾಟ್ಸ್ಯಾಪ್‌ನಲ್ಲಿ ಪುಸ್ತಕದ ಚಿತ್ರ ಹಾಕಿದ್ದರು. ಹೇಗನ್ನಿಸಿತು ಅಂದೆ. "ಗೋರಾ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸಿಬಿಟ್ಟ. ನನಗೆ ಹತ್ತು ತಿಂಗಳಾಯಿತು, ಇನ್ನೂ ಆಗಿಲ್ಲ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆ ಅಪ್ಪ ಆಮೇಲೆ ಏನು ಮಾಡಿದ ಅಂತ ಬರೆದೇ ಇಲ್ಲ, ಅಲ್ವಾ?" ಅಂದ.

ಬರುವ ಬುಧವಾರ ಅವನ ಅಪ್ಪ ಬರುತ್ತಿದ್ದಾರೆ, ಮೊದಲ ಸಲ, ಒಬ್ಬರೇ. ಜಾತಕ ಬರೆಸಲು ಕೊಟ್ಟ ಮುಂಗಡ ವಾಪಸ್ ಬಂದಿಲ್ಲ ಅನ್ನುವುದರಿಂದ ಮಾತು ಶುರುಮಾಡುತ್ತಾರೆ ಅಂತ ಮಾಲಾ ಈಗಲೇ ಫೋನಿನಲ್ಲಿ ಹೇಳಿಟ್ಟಿದ್ದಾರೆ.